ಸತ್ತವರನ್ನು ಎಬ್ಬಿಸುವ ಬಟನ್

ಏಳನೇ ಕ್ಲಾಸಿಗೇ ಶಾಲೆ ಬಿಟ್ಟರೂ ಶ್ರೀರಾಂಪುರದ ಅರ್ಧ ಮನೆಗಳಿಗೆ ಟೈಲ್ಸ್ ಹಾಕಿದವನು ನಾನು. ಬಿಡುವಿನಲ್ಲಿ ಒಂದೇ ಯುದ್ಧದ ಗೇಮಿನ ಮೂರೂ ಭಾಗ ಆಡಿದ್ದೇನೆ. ಮೊದಲನೆಯದರಲ್ಲಿ ಬಳಸಿದಷ್ಟೂ ಕತ್ತಿ ಸವೆಯುತ್ತಿತ್ತು, ಸತ್ತ ಸೈನಿಕ ಮತ್ತೆ ಬರುತ್ತಿರಲಿಲ್ಲ. ನನ್ನ ಬಿಲ್ಲುಗಾರ ಹೋದಾಗ ಮೂರು ದಿನ ಗಡ್ಡ ಬೋಳಿಸಲಿಲ್ಲ. ಎರಡನೆಯದರಲ್ಲಿ ಕತ್ತಿ ಸವೆಯುವುದು ನಿಂತಿತು. ಮೂರನೆಯದರಲ್ಲಿ ಆಟವನ್ನೇ ಹಿಂದಕ್ಕೆ ತಿರುಗಿಸುವ ಬಟನ್ ಬಂತು. ಅದನ್ನು ಮುಟ್ಟುವುದಿಲ್ಲ ಎಂದು ಮನೆಯಲ್ಲಿ ಸಾರಿದ್ದೆ.

ಭಾನುವಾರ ಆಡುವಾಗ ನನ್ನ ತಪ್ಪಿನಿಂದ ನನ್ನ ಪಡೆಯ ಗಾಯ ವಾಸಿಮಾಡುವ ಹುಡುಗಿ ಸತ್ತಳು.

“ಬಟನ್ ಒತ್ತಪ್ಪ, ಎದ್ ಬರ್ತಾಳೆ,” ಎಂದಳು ಮಗಳು.

“ಹಾಕಿದ ಟೈಲ್ಸ್ ಯಾವತ್ತಾದ್ರೂ ಕಿತ್ತಿದೀನೇನಮ್ಮ?” ಎಂದೆ.

ಹೆಂಡತಿ ಸೌಟು ಹಿಡಿದೇ ಬಂದಳು. “ನಿಮ್ ಜಂಬಕ್ಕೆ ಆ ಹುಡ್ಗಿ ಯಾಕ್ರೀ ಸಾಯ್ಬೇಕು? ಎಬ್ಬುಸ್ರೀ!”

ಒತ್ತಿದೆ. ಹುಡುಗಿ ಎದ್ದಳು, ಈ ಸಲ ಕುದುರೆ ಸವಾರ ಸತ್ತ.

“ಅವ್ನೂ ಒಬ್ಬ ತಾಯಿ ಮಗ ಅಲ್ವಾ?” ಎಂದಳು ಹೆಂಡತಿ.

ಸಂಜೆಯವರೆಗೂ ಒತ್ತುತ್ತಲೇ ಇದ್ದೆ. ಕೊನೆಗೆ ಶತ್ರುಗಳನ್ನೂ ಸಾಯಿಸಲು ಅವಳು ಬಿಡಲಿಲ್ಲ.