ಎದುರಾಳಿಯ ಹಗ್ಗ

ಬೀಳಪ್ಪ ಅನ್ನುವುದು ಹೆತ್ತವರು ಇಟ್ಟ ಹೆಸರಲ್ಲ, ಸಿನಿಮಾದವರು ಇಟ್ಟದ್ದು. ಖಳನಾಯಕನ ಡೂಪಾಗಿ ಹನ್ನೊಂದು ವರ್ಷ ಮಹಡಿಯಿಂದ, ಕುದುರೆಯಿಂದ, ಓಡುವ ಲಾರಿಯಿಂದ ಬಿದ್ದವನಿಗೆ ಬೇರೆ ಯಾವ ಹೆಸರು ತಾನೆ ಒಪ್ಪೀತು? ಪರದೆಯ ಮೇಲೆ ಅವನ ಬೆನ್ನು ಕಂಡಿದೆ, ತಲೆಯ ಹಿಂಭಾಗ ಕಂಡಿದೆ, ಒಂದು ಚಿತ್ರದಲ್ಲಿ ಎಡಗಿವಿಯೂ ಕಂಡಿದೆ. ಮುಖ ಮಾತ್ರ ಯಾರಿಗೂ ಕಂಡಿಲ್ಲ. ಕಂಡಿದ್ದರೆ ಆ ದಿನದ ಕೆಲಸವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗುತ್ತಿತ್ತು.

ಈಗ ಅವನಿಗೆ ಅರವತ್ತನಾಲ್ಕು. ಸ್ಟುಡಿಯೊದ ಹಿಂದಿನ ತಗಡಿನ ಶೆಡ್ಡಿನಲ್ಲಿ ಕೂತು, ಹೊಸಬರು ಬೀಳಲಿಕ್ಕೆ ಬಳಸುವ ಸ್ಪಂಜಿನ ಹಾಸಿಗೆಗಳ ಹರಿದ ಅಂಚನ್ನು ದಬ್ಬಳದಿಂದ ಹೊಲಿಯುತ್ತಾನೆ. ಪ್ರತಿ ಹೊಲಿಗೆಯನ್ನೂ ಎರಡೆರಡು ಸಲ ಎಳೆದು ನೋಡುತ್ತಾನೆ. ಇಷ್ಟು ನೋಡುವ ಮನುಷ್ಯ ಒಂದೇ ಒಂದು ದಿನ ನೋಡದೆ ಬಿಟ್ಟಿದ್ದ.

ಹೊಡೆದಾಟದವರಲ್ಲಿ ಒಂದು ಕಟ್ಟಳೆಯಿದೆ. ಸೊಂಟದ ಹಗ್ಗವನ್ನು ತಾನೇ ಕಟ್ಟಿಕೊಳ್ಳಬಹುದು, ಆದರೆ ಗಂಟನ್ನು ಪರೀಕ್ಷೆ ಮಾಡುವವನು ಆ ದೃಶ್ಯದ ಎದುರಾಳಿ. ಅವನು ಎಳೆದು ನೋಡಿ ಭುಜ ತಟ್ಟಿದರೆ ಗಟ್ಟಿಯಿದೆ, ಹಾರು ಎಂದು ಅರ್ಥ. ತಾನು ಕಟ್ಟಿದ ಗಂಟಿನ ಮೇಲೆ ಎಲ್ಲರಿಗೂ ಅತಿಯಾದ ಭರವಸೆ ಇರುತ್ತದೆ, ಇನ್ನೊಬ್ಬನ ಕಣ್ಣೇ ವಾಸಿ ಎಂದು ಹಿರಿಯರು ಮಾಡಿಟ್ಟದ್ದು. ನಾಯಕನ ಡೂಪು ಬೇರೆ ಯಾರೂ ಅಲ್ಲ, ಬೀಳಪ್ಪನ ಅಕ್ಕನ ಗಂಡ. ಪರದೆಯ ಮೇಲೆ ಹಾವು ಮುಂಗುಸಿ, ಮಧ್ಯಾಹ್ನ ಅಕ್ಕ ಕಟ್ಟಿಕೊಟ್ಟ ಒಂದೇ ಡಬ್ಬಿಯಲ್ಲಿ ಊಟ.

ಆ ದೊಡ್ಡ ಚಿತ್ರದ ಕೊನೆಯ ಹೊಡೆದಾಟ ನಡೆದದ್ದು ಮುಚ್ಚಿಹೋದ ಕಾರ್ಖಾನೆಯೊಂದರಲ್ಲಿ. ನಾಯಕ ಹಗ್ಗ ಕಟ್ಟಿಕೊಂಡು ತೊಲೆಯಿಂದ ಹಾರಿ ಬಂದು ಖಳನ ಎದೆಗೆ ಒದೆಯಬೇಕು. ಬೆಳಿಗ್ಗೆ ಚಹಾದ ಹೊತ್ತಿಗೆ ಭಾವ ಎಲ್ಲರೆದುರು ಬಾಯಿ ಬಿಟ್ಟ.

"ನಮ್ಮ ಭಾವಮೈದ ಒದೆ ತಿನ್ನೋಕೇ ಹುಟ್ಟಿದೋನು. ನಮ್ಮತ್ತೆ ಹೆತ್ತಾಗ್ಲೂ ಅಷ್ಟೇ, ಮೊದಲು ನೆಲಕ್ಕೆ ಬಿದ್ದು ಆಮೇಲೆ ಅತ್ತನಂತೆ!"

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಬೀಳಪ್ಪನಿಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಮುಖ ಊದಿಸಿಕೊಂಡೇ ತೊಲೆ ಹತ್ತಿದ, ಭಾವನ ಹಿಂದೆ ನಿಂತ, ಗಂಟಿನ ಕಡೆ ಕಣ್ಣನ್ನೂ ಹಾಯಿಸದೆ ಭುಜ ತಟ್ಟಿದ, ಕೆಳಗಿಳಿದು ಒದೆ ತಿನ್ನುವ ಜಾಗದಲ್ಲಿ ನಿಂತ. ಭಾವ ಹಾರಿದ. ಗಂಟು ಬಿಚ್ಚಿಕೊಂಡಿತು. ಅಂದಿನಿಂದ ಭಾವನಿಗೆ ಸೊಂಟದ ಕೆಳಗೆ ಸ್ವಾಧೀನವಿಲ್ಲ.

"ಗಂಟು ನೋಡಿದ್ಯಾ?" ಎಂದು ಫೈಟ್ ಮಾಸ್ಟರ್ ಆಸ್ಪತ್ರೆಯ ಬಾಗಿಲಲ್ಲಿ ಕೇಳಿದರು.

"ನೋಡಿದ್ದೆ. ಗಟ್ಟಿಯಾಗಿತ್ತು."

ಮುಗಿಯಿತು. ಹಾರುವಾಗ ಮೈ ಹಗುರಾಗಿ ಕಾಣಲಿ ಎಂದು ಹಗ್ಗ ಸಡಿಲ ಮಾಡಿಕೊಳ್ಳುವ ಚಟ ಭಾವನಿಗೆ ಇದ್ದದ್ದು ಎಲ್ಲರಿಗೂ ಗೊತ್ತಿತ್ತು. ಭುಜ ತಟ್ಟಿದ ಮೇಲೆ ತಾನೇ ಸಡಿಲಿಸಿಕೊಂಡಿದ್ದಾನೆ ಎಂದು ತೀರ್ಮಾನವಾಯಿತು. ಬೀಳಪ್ಪ ತುಟಿ ಪಿಟಕ್ಕೆನ್ನಲಿಲ್ಲ. ಹೇಡಿ ಎನ್ನಿ, ಅವನ ಪರವಾಗಿ ನಾನು ವಕಾಲತ್ತು ವಹಿಸುವುದಿಲ್ಲ.

ಅಕ್ಕ ಗಂಡನನ್ನು ಮೂವತ್ತೆರಡು ವರ್ಷ ಮಗುವಿನಂತೆ ನೋಡಿಕೊಂಡಳು, ಬಾಯಿಗೆ ಮಾತ್ರ ಬಿಡುವು ಕೊಡಲಿಲ್ಲ. ಹಾಸಿಗೆ ಹುಣ್ಣಿಗೆ ಔಷಧ ಹಚ್ಚುವಾಗ, ಮೈ ಒರೆಸುವಾಗ, ಮಗ್ಗುಲು ಬದಲಿಸುವಾಗ ಒಂದೇ ಪಲ್ಲವಿ: "ಮೆರೆಯೋಕೆ ಹೋಗಿ ನಿಮ್ಮ ಬಾಳೂ ಹಾಳು ಮಾಡ್ಕೊಂಡ್ರಿ, ನನ್ನದೂ ಹಾಳು ಮಾಡಿದ್ರಿ." ಮೊದಮೊದಲು ಭಾವ "ನಾನು ಗಂಟು ಮುಟ್ಟಿಲ್ಲ ಕಣೇ" ಎನ್ನುತ್ತಿದ್ದ. ನಂತರ ಗೋಡೆಗೆ ಮುಖ ತಿರುಗಿಸಿ ಮಲಗುತ್ತಿದ್ದ. ಮದುವೆಯನ್ನೇ ಮಾಡಿಕೊಳ್ಳದ ಬೀಳಪ್ಪ ಪ್ರತಿ ಸಂಜೆ ಬಂದು ಭಾವನನ್ನು ಎತ್ತಿ ಕುರ್ಚಿಗೆ ಕೂರಿಸುತ್ತಿದ್ದ, ಅಲ್ಲೇ ಉಣ್ಣುತ್ತಿದ್ದ. "ತಮ್ಮ ಅಂದ್ರೆ ಹೀಗಿರಬೇಕು" ಎಂದು ಅಕ್ಕ ನೆರೆಯವರ ಮುಂದೆ ಹೊಗಳುತ್ತಿದ್ದಳು. ಅವನಿಗೆ ಆ ಮನೆ ಬಿಟ್ಟರೆ ಬೇರೆ ಮನೆ ಇರಲಿಲ್ಲ.

ಹೀಗಿರುವಾಗ ಆ ಹಳೆಯ ಚಿತ್ರಕ್ಕೆ ಟೀವಿಯಲ್ಲಿ ಮುಂದುವರಿದ ಭಾಗ ಬಂತು. ಅದೇ ನಾಯಕ, ಅದೇ ಖಳ, ಇಬ್ಬರಿಗೂ ತಲೆ ನೆರೆತಿದೆ. ಈ ಸಲ ಕಥೆ ಖಳನ ಕಡೆಯಿಂದ. ಅವನು ಯಾಕೆ ಹಾಗಾದ, ನಾಯಕನ ತಪ್ಪೆಷ್ಟು, ಇವನ ಸಂಕಟವೆಷ್ಟು ಎಂದು ವಾರಕ್ಕೊಂದು ಕಂತಿನಲ್ಲಿ ಬಿಡಿಸಿ ಹೇಳುವ ಧಾರಾವಾಹಿ. ಅದನ್ನು ಬರೆಯುವ ಹುಡುಗಿ ಹಳೆಯ ವಿಷಯ ಕೇಳಿಕೊಂಡು ಶೆಡ್ಡಿಗೆ ಬಂದಳು, ಹರಿದ ಹಾಸಿಗೆಯ ಮೇಲೆಯೇ ಕೂತಳು.

"ಖಳನ ಡೂಪಿಗೆ ಏನನಿಸ್ತಿತ್ತು ಅಂತ ಯಾರೂ ಕೇಳಿಲ್ಲ ಅಲ್ವಾ ಸರ್? ನಾನು ಕೇಳ್ತೀನಿ, ಹೇಳಿ."

ಅವನನ್ನು ಯಾರೂ ಸರ್ ಅಂದಿರಲಿಲ್ಲ. ಹಗ್ಗದ ಕಟ್ಟಳೆ ಹೇಳಿದ. ಹೇಳುತ್ತಾ ಹೇಳುತ್ತಾ, "ಒಬ್ಬ ಒಂದ್ಸಲ ನೋಡ್ಲೇ ಇಲ್ಲ. ನೋಡಿದೆ ಅಂತ ಸುಳ್ಳು ಹೇಳಿದ" ಎಂದುಬಿಟ್ಟ. ಯಾರು ಎಂದು ಅವಳು ಕೇಳಲಿಲ್ಲ. ಒಡಹುಟ್ಟಿದವಳ ಮುಂದೆ ಆಡಲಾಗದ ಮಾತನ್ನು ದಾರಿಹೋಕರ ಮುಂದೆ ಆಡಿಬಿಡುತ್ತೇವೆ, ಮನುಷ್ಯನ ಬುದ್ಧಿಯೇ ಹೀಗೆ.

ಎರಡು ತಿಂಗಳಾದ ಮೇಲೆ ಅವಳ ಫೋನು ಬಂತು. "ಸರ್, ನೀವು ಹೇಳಿದ ಹಗ್ಗದ ವಿಷಯ ಇವತ್ತಿನ ಕಂತಿನಲ್ಲಿದೆ. ಮನೆಯವರ ಜೊತೆ ಕೂತು ನೋಡಿ!"

"ಅದನ್ನ ತೆಗೆಯೋಕಾಗಲ್ವಾ ತಾಯಿ?"

"ಅಯ್ಯೋ, ಎಲ್ಲ ಮುಗಿದಿದೆ ಸರ್. ನಿಮ್ಮ ಹೆಸರೆಲ್ಲೂ ಇಲ್ಲ, ಹೆದರಬೇಡಿ."

ಹೆದರಿಕೆಗೆ ಹೆಸರೇ ಬೇಕೆಂದೇನಿದೆ. ಸಂಜೆ ಅಕ್ಕನ ಮನೆಯ ಮೆಟ್ಟಿಲು ಹತ್ತುವಾಗ ಅವನಿಗೆ ಇದ್ದದ್ದು ಒಂದೇ ಯೋಚನೆ, ಏನಾದರೂ ನೆಪ ಹೇಳಿ ಟೀವಿ ಆರಿಸಬೇಕು. ಒಳಗೆ ಹೋದರೆ ಭಾವ ಗಡ್ಡ ಹೆರೆಸಿಕೊಂಡು, ಇಸ್ತ್ರಿ ಅಂಗಿ ತೊಟ್ಟು ಕಾಯುತ್ತಿದ್ದ. ಆ ಧಾರಾವಾಹಿ ಶುರುವಾದಾಗಿನಿಂದ ಅವನ ಮುಖದಲ್ಲಿ ಕಳೆ ಬಂದಿತ್ತು. ಬೀಳಪ್ಪ ಅವನನ್ನು ಎತ್ತಿ ಕುರ್ಚಿಗೆ ಕೂರಿಸಿ, ತಾನೂ ಕೂತ.

ಕಂತು ಅರ್ಧ ಕಳೆದಾಗ ಮುದಿ ಖಳ ನಾಯಕನ ಮನೆ ಬಾಗಿಲಿಗೆ ಬಂದ. ಹಿಂದೆ ಸರ್ಕಸ್ಸಿನಲ್ಲಿ ನಾಯಕನ ತಮ್ಮ ಹಗ್ಗದಿಂದ ಬಿದ್ದು ಸತ್ತಿದ್ದನಂತೆ. "ಅವತ್ತು ಅವನ ಗಂಟು ನಾನು ನೋಡಲಿಲ್ಲ. ನೋಡಿದೆ ಅಂತ ಸುಳ್ಳು ಹೇಳಿದೆ" ಎಂದು ಖಳ ಅತ್ತ.

ಭಾವ ಗಹಗಹಿಸಿ ನಕ್ಕ. "ಏನು ಕಥೆ ಕಟ್ತಾರಪ್ಪಾ! ನಮ್ಮ ಕಸುಬಿನವರು ಯಾರಾದ್ರೂ ಹಾಗೆ ಮಾಡ್ತಾರೇನೋ?"

ಅಲ್ಲಿಗೇ ಮುಗಿಯಬಹುದಿತ್ತು. ಹೂಂ ಅಂದಿದ್ದರೆ ಸಾಕಿತ್ತು, ಊಟಕ್ಕೆ ಏಳಬಹುದಿತ್ತು. ಅಷ್ಟರಲ್ಲಿ ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ಗಂಡನ ಕಡೆ ತಿರುಗಿದಳು.

"ಖಳನಾಯಕ ಆದ್ರೂ ಅವನು ಒಪ್ಕೊಂಡ, ನೋಡಿ. ನೀವು ಇಷ್ಟು ವರ್ಷದಲ್ಲಿ ಒಂದಿನ ಆದ್ರೂ ತಪ್ಪಾಯ್ತು ಅಂದ್ರಾ?"

ಭಾವನ ನಗು ಇಳಿಯಿತು.

"ಆಯ್ತು, ಒಪ್ಕೊಂಡೆ. ನಾನೇ ಸಡಿಲ ಮಾಡಿದ್ದಿರಬೇಕು. ನಿಜವಾಗ್ಲೂ ಈಗ ನನಗೆ ನೆನಪಿಲ್ಲ. ಎಲ್ಲರೂ ಅದನ್ನೇ ಹೇಳಿದ್ರು. ತಪ್ಪಾಯ್ತು."

ಇದನ್ನು ಬೀಳಪ್ಪ ತಡೆದುಕೊಳ್ಳಲಾರದೆ ಹೋದ. ಬೈಗುಳವನ್ನು ಮೂವತ್ತೆರಡು ವರ್ಷ ಕೇಳಿಸಿಕೊಂಡವನಿಗೆ ಈ ಕ್ಷಮೆಯನ್ನು ಒಂದು ಕ್ಷಣ ಕೇಳಿಸಿಕೊಂಡು ಕೂರಲಾಗಲಿಲ್ಲ.

"ನೀವು ಮುಟ್ಟಿಲ್ಲ ಭಾವ. ನಾನು ನೋಡ್ಲಿಲ್ಲ. ನೋಡದೇನೇ ಭುಜ ತಟ್ಟಿದೆ. ನೀವು ಬೆಳಿಗ್ಗೆ ನಗಾಡಿದ್ರಲ್ಲ, ಅದರ ಸಿಟ್ಟಿತ್ತು."

ಅಕ್ಕ ಎದ್ದು ಟೀವಿ ಆರಿಸಿದಳು. ಅವಳ ಬಾಯಿಂದ ಮಾತೇ ಹೊರಡಲಿಲ್ಲ. ಆ ಮನೆಯಲ್ಲಿ ಹಾಗಾದದ್ದು ಅದೇ ಮೊದಲು.

"ಇನ್ನೊಂದ್ಸಲ ಹೇಳು" ಎಂದ ಭಾವ. "ಅವಳಿಗೆ ಕೇಳೋ ಹಾಗೆ ಹೇಳು."

"ಭಾವ ಗಂಟು ಮುಟ್ಟಿಲ್ಲ ಅಕ್ಕ. ತಪ್ಪು ನನ್ನದು."

ಭಾವ ಅತ್ತ. ದುಃಖಕ್ಕೋ ಸಮಾಧಾನಕ್ಕೋ ಅವನಿಗೇ ತಿಳಿದಂತಿರಲಿಲ್ಲ. ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ ಮೇಲೆ ದನಿ ಏರಿಸದೆ ಹೇಳಿದ.

"ಬಿದ್ದಿದ್ದನ್ನ ನಾನು ಮನಸ್ಸಲ್ಲಿ ಇಟ್ಕೊಳ್ಳಲ್ಲ. ಬೀಳೋದು ನಮ್ಮ ಕೆಲಸ. ಆದ್ರೆ ಇವಳು ದಿನಾ ನನ್ನ ಬೈಯೋವಾಗ ನೀನು ಇಲ್ಲೇ ಕೂತು ಉಣ್ತಿದ್ದೆ. ಏಳು. ಇನ್ನು ಈ ಕಡೆ ಬರಬೇಡ."

ಬೀಳಪ್ಪ ಅಕ್ಕನ ಮುಖ ನೋಡಿದ, ಒಂದು ಮಾತಿಗಾಗಿ ಕಾದ. ಅಕ್ಕ ಅವನು ಏಳುವ ತನಕ ಕಾದಿದ್ದು, ಅವನು ಬಿಟ್ಟ ಕುರ್ಚಿಯನ್ನು ಗಂಡನ ಮಗ್ಗುಲಿಗೆ ಎಳೆದುಕೊಂಡು ಕೂತಳು.