ಹೆಸರಿಲ್ಲದ ಇಲಿಗಳು

ಬಂದಳಿಕೆ ಊರಿನ ಕುರಿಗಾರ ದೊಡ್ಡಬೀರಪ್ಪ ಕೊಟ್ಟ ಬಾವು ಇಳಿಸುವ ಸೊಪ್ಪಿನಲ್ಲಿ ಗುಣವೇ ಇಲ್ಲವೆಂದು ಸಂಶೋಧಕಿ ಕ್ಷಮಾ ಬರೆದಿದ್ದಾಳೆ; ಅವಳ ಮೇಲೆ ಅವನಿಗೆ ಇನ್ನೂ ಸಿಟ್ಟಿದೆ.

“ಯಾರ ನೋವಿಗೆ ಅಂತ ಗಿಡಕ್ಕೆ ಹೇಳಿ ಕೀಳ್ಬೇಕು ರೀ ಮೇಡಂ, ಇಲ್ದಿದ್ರೆ ಸೊಪ್ಪು ಕೆಲಸ ಮಾಡಲ್ಲ! ಜೀಪು ಹತ್ತೋ ಗಡಿಬಿಡೀಲಿ ನನ್ನ ಕೈಲಿ ಸುಮ್ನೆ ಎರಡು ಚೀಲ ತುಂಬಿಸ್ಕೊಂಡ್ರಿ,” ಎಂದು ಫೋನಿನಲ್ಲೇ ಜಗಳ ತೆಗೆದಿದ್ದ.

“ಔಷಧ ಹಾಕಿದ್ದು ಪ್ರಯೋಗದ ಇಲಿಗಳಿಗೆ, ಬೀರಪ್ಪಾರೆ. ಅವಕ್ಕೆಲ್ಲಿ ಹೆಸರು?” ಎಂದು ಆಕೆ ನಕ್ಕಿದ್ದಳು.

ಅವನಿಗೆ ನಗು ಬರಲಿಲ್ಲ. ಮಧ್ಯಾಹ್ನ ಮಂದೆಯ ನಡುವೆ ಕಣ್ಣು ಮುಚ್ಚಿದರೆ ಸಾಕು, ಕರಿ ಉಣ್ಣೆಯ ಅಲೆಗಳಿಂದ ಪುಟ್ಟ ಬಿಳಿ ಇಲಿಗಳು ಒಂದೊಂದಾಗಿ ಎದ್ದು, ಬಾತ ಕಾಲೆಳೆಯುತ್ತ ಆ ಗಿಡದ ನೆರಳಿಗೆ ಬರುತ್ತವೆ. ಇವರು ಯಾರೆಂದು ಗಿಡ ಅವನತ್ತ ಬಾಗಿ ಕೇಳುತ್ತದೆ. ಅವನು ಬಾಯಿ ತೆರೆಯುತ್ತಾನೆ, ಹೆಸರು ಹೊರಡುವುದಿಲ್ಲ. ಕಿತ್ತ ಅಷ್ಟೂ ಎಲೆಗೆ ಅವನು ಕೊಡಬೇಕಾದ ಉತ್ತರ ಬಾಕಿಯೇ ಉಳಿದಿದೆ.