ಕೋಟಿಗೆ ಅರವತ್ತನಾಲ್ಕು ಕಡಿಮೆ

ನನಗೆ ಸಿಂಧನೂರಿನ ಕಾಲೇಜಿನಲ್ಲಿ ಗಣಿತ ಕಲಿಸುವ ಕೆಲಸ ಸಿಕ್ಕರೆ ಒಂದು ಕೋಟಿ ಪಂಚಾಕ್ಷರಿ ಜಪ ಮಾಡಿಸುತ್ತೇನೆಂದು ಅವ್ವ ಹರಕೆ ಹೊತ್ತಿದ್ದಳು. ಅದು ನನಗೆ ತಿಳಿದದ್ದು ಬಳಗದ ಹೆಂಗಸರಿಗೆಲ್ಲ ತಿಳಿದ ಮೇಲೆ. ನನ್ನ ನೌಕರಿಯ ಸಲುವಾಗಿ ಮಸ್ಕಿಯಿಂದ ಲಿಂಗಸುಗೂರಿನವರೆಗೆ ಜಪಮಾಲೆಗಳು ತಿರುಗುತ್ತಿವೆ ಎಂಬುದೇ ಮುಜುಗರ. ಆದರೂ ಮೊಬೈಲ್ ಗ್ರೂಪಿನಲ್ಲಿ ಅವರು ಹಾಕುವ ಲೆಕ್ಕ ಕೂಡಿಸುವುದು ನನ್ನ ಪಾಲಿಗೆ ಬಂತು.

ಮುಗಿಯುವ ಹೊತ್ತಿಗೆ, ಕಾಲೇಜಿನಿಂದ ಮಸ್ಕಿಗೆ ಬರುವ ಬಸ್ಸಿನಲ್ಲಿ ಭಾಗಾಕಾರ ಮಾಡಿ ನೋಡಿದೆ. ಮಾಲೆಗೆ ನೂರೆಂಟು ಮಣಿ. 92,592 ಮಾಲೆಗೆ ಕೋಟಿಯಲ್ಲಿ ಅರವತ್ತನಾಲ್ಕು ಕಡಿಮೆ. ಇನ್ನೊಂದು ತಿರುಗಿಸಿದರೆ ನಲವತ್ತನಾಲ್ಕು ಹೆಚ್ಚು. ಕೋಟಿಯನ್ನು ಒಡೆದರೆ ಸಿಗುವುದು ಏಳು ಎರಡು, ಏಳು ಐದು, ಅಷ್ಟೇ. ನೂರೆಂಟರಲ್ಲೋ ಮೂರರ ಕಾಟವಿದೆ. ಇಡೀ ಮಾಲೆಗಳಿಂದ ಕೋಟಿಯನ್ನು ಸರಿಯಾಗಿ ಮುಟ್ಟಲು ಆಗುವುದೇ ಇಲ್ಲ.

ಮನೆಗೆ ಬಂದು ಹೇಳಿದಾಗ ಅವ್ವನ ಮುಖ ಸಣ್ಣದಾಯಿತು. ಹಿಡಿದ ಮಾಲೆಯನ್ನು ನಡುವೆ ಬಿಡುವಂತಿಲ್ಲ. ಲಿಂಗಸುಗೂರಿನ ಸಣ್ಣವ್ವನಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದಳು.

“ಇನ್ನೊಂದು ಮಾಲಿ ಹೆಚ್ಚಿಗಿ ತಿರುಗಿಸಿಬಿಡಕ್ಕಾ. ಶಿವ ಏನು ಎಣಿಸ್ಕೋತ ಕುಂತಾನ?”

“ಬೇಡ್ಕೊಂಡಿದ್ದು ಕೋಟಿ. ಕೋಟಿನ ಆಗಬೇಕು. ಮಾತು ಕೊಟ್ಟೀನಿ.”

“ಮಗಳಿಗೆ ಲೆಕ್ಕ ಕಲಿಸಿದ್ದಕ್ಕ ಇಷ್ಟೆಲ್ಲಾ ತಂಟೆ. ಕನ್ನಡ ಕಲಿಸಿದ್ರ ಇಷ್ಟೊತ್ತಿಗೆ ಮುಗೀತಿತ್ತು.”

ನಾನು ರಜೆ ಹಾಕಿದ್ದ ಸೋಮವಾರ ಬೆಳಿಗ್ಗೆ 92,592 ಮಾಲೆ ತುಂಬಿತು. ಎಲ್ಲರೂ ಮಾಲೆ ಇಟ್ಟುಬಿಡಿ ಎಂದು ಗ್ರೂಪಿನಲ್ಲಿ ಬರೆದೆ. ಹರಕೆ ಮುಗಿಸುವ ಮಧ್ಯಾಹ್ನದ ಊಟಕ್ಕೆಂದು ಲಿಂಗಸುಗೂರಿನಿಂದ ಸಣ್ಣವ್ವ ಬಂದಳು. ಅವ್ವ ದೇವರ ಜಗಲಿಯ ಮುಂದೆ ಕೂತು ಊಟಕ್ಕೆ ಬರುವವರನ್ನು ಹೆಬ್ಬೆರಳಿನಿಂದ ಎಣಿಸುತ್ತಿದ್ದಳು: ಬೆರಳಿಗೆ ಮೂರು ಗೆರೆ, ಒಂದು ತುದಿ, ನಾಲ್ಕು ಬೆರಳಿಗೆ ಹದಿನಾರು. ಅರವತ್ತನಾಲ್ಕೆಂದರೆ ಸರಿಯಾಗಿ ನಾಲ್ಕು ಸುತ್ತು.

“ಅವ್ವಾ, ಬೆರಳ ಮ್ಯಾಲೆ ಜಪ ನಡೀತದೇನು?”

“ಯಾಕ ನಡಿಯಂಗಿಲ್ಲ? ಮಾಲಿ ಇಲ್ಲದಾಗ ನಮ್ಮವ್ವ, ನಿಮ್ಮ ಆಯಿ, ಹಂಗ ಮಾಡ್ತಿದ್ಲು.”

ಲೆಕ್ಕ ಹೇಳಿದೆ. ಅವ್ವ ಮತ್ತೆ ಕೇಳಿಸಿಕೊಂಡಳು, ತಾನೇ ಬೆರಳು ಮುಟ್ಟಿ ನೋಡಿದಳು, ಆಮೇಲೆ ನಕ್ಕಳು.

“ನನಗೂ ಒಂದು ಸುತ್ತು ಕೊಡಕ್ಕಾ,” ಎಂದು ಸಣ್ಣವ್ವ ಕೈ ತೊಳೆದುಕೊಂಡು ಬಂದಳು. ಅವ್ವ ಎರಡು ಸುತ್ತು ಮುಗಿಸಿದಳು, ಸಣ್ಣವ್ವ ಒಂದು. ಕೊನೆಯದಕ್ಕೆ ಇಬ್ಬರೂ ನನ್ನ ಕಡೆ ನೋಡಿದರು. ಅಷ್ಟೂ ತಿಂಗಳು ಕೂಡಿಸುತ್ತಾ ಬಂದ ನಾನು ಒಂದು ಜಪವನ್ನೂ ಮಾಡಿರಲಿಲ್ಲ.

ಕಿರುಬೆರಳಿನಿಂದ ಶುರು ಮಾಡಿದೆ. ತುಟಿ ಅಲುಗಿಸಲಿಲ್ಲ. ತೋರುಬೆರಳಿನ ತುದಿ ಮುಟ್ಟಿದಾಗ ಹದಿನಾರು. ನಾಲಿಗೆ ಮುಂದಿನದಕ್ಕೆ ಹೊರಟೇಬಿಟ್ಟಿತ್ತು, ತಡೆದು ಹಿಡಿದೆ.